ಅವ್ವ ಬಚ್ಚಿಟ್ಟಿದ್ದ ಪಂಪು

ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ, ದೀಪಾವಳಿ ಹತ್ತಿರ ಬಂತೆಂದರೆ ಕೂಡ್ಲಿಗಿ ಸೀಮೆಯ ನಮ್ಮ ಊರಿಗೆ ಊರೇ ಹಸಿ ಶೇಂಗಾ ವಾಸನೆ ಹೊಡೆಯುತ್ತಿತ್ತು. ಹೊಲದಿಂದ ಕಿತ್ತು ತಂದ ಗಿಡಗಳನ್ನು ಮನೆ ಮುಂದೆ ಒಟ್ಟಿ, ಹೆಂಗಸರು ಸುತ್ತ ಕೂತು ಕಾಯಿ ಬಿಡಿಸುತ್ತಿದ್ದರು. ಮಕ್ಕಳಿಗೆ ಬಳ್ಳಿಯ ರಾಶಿಯ ಮೇಲೆ ಹಾರುವುದು, ಎಳೆಗಾಯಿ ಆರಿಸಿ ತಿನ್ನುವುದೇ ಹಬ್ಬ. ನನಗೆ ಮಾತ್ರ ಹೊಸ್ತಿಲು ದಾಟುವ ಹಾಗಿರಲಿಲ್ಲ. ನನಗೆ ದಮ್ಮು ಇತ್ತು. ಒಣಮಣ್ಣಿನ ದೂಳು ಮೂಗಿಗೆ ಬಡಿದರೆ ಸಾಕು, ಎದೆಯೊಳಗೆ ಸೀಟಿ ಶುರುವಾಗುತ್ತಿತ್ತು.

ನನ್ನ ಸಲುವಾಗಿ ಅಪ್ಪ ಬೀಡಿ ಬಿಟ್ಟಿದ್ದ. ಅವ್ವ ಮೆಣಸಿನಕಾಯಿ ಹುರಿಯಲು ಪಕ್ಕದ ಮನೆಯ ಒಲೆಗೆ ಹೋಗುತ್ತಿದ್ದಳು. ಆದರೆ ಡಾಕ್ಟರು ಕೊಟ್ಟಿದ್ದ, ಬಾಯಿಗೆ ಹಿಡಿದು ಒತ್ತುವ ಪಂಪನ್ನು ಆಕೆ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು.

"ಮಂದಿ ಕಣ್ಣಿಗೆ ಬೀಳಬಾರ್ದು. ದಮ್ಮಿನ ಹುಡುಗಿ ಅಂತ ಹೆಸರು ಬಿತ್ತಂದ್ರ ನಾಳಿ ನಿನ್ನ ಯಾರು ಮಾಡ್ಕಂತಾರ?" ಅನ್ನುತ್ತಿದ್ದಳು. ನನಗಾಗ ಒಂಬತ್ತು ವರ್ಷ.

ಒಂದು ಮಧ್ಯಾಹ್ನ ಒಳಗೆ ಕೂತು ಕೂತು ಬೇಸತ್ತು, ನಾನೂ ಹೊರಗೋಡಿ ರಾಶಿಗೆ ಹಾರಿದೆ. ಮೂರನೆಯ ಸಲ ಹಾರುವಷ್ಟರಲ್ಲಿ ಉಸಿರು ಕಟ್ಟಿತು. ಮೊದಲು ನೋಡಿದವಳು ಎದುರು ಮನೆಯ ಮುದುಕಿ ಕೆಂಚವ್ವ.

"ಏ ಇವಳೇ, ಹುಡುಗಿ ತುಟಿ ನೀಲಿ ಆಗ್ಯಾವ ನೋಡಬೇ!" ಎಂದು ಅವ್ವನನ್ನು ಕೂಗಿದಳು.

ಅವ್ವ ಒಳಗೆ ಓಡಿದಳು. ಆದರೆ ಈ ಸಲ ಎಂದಿನಂತೆ ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಲಿಲ್ಲ. ಪಂಪು ಹಿಡಿದು ಬಂದವಳೇ, ಅಷ್ಟು ಹೆಂಗಸರ ನಡುವೆ ನೆಲಕ್ಕೆ ಕೂತು ನನ್ನನ್ನು ಎದೆಗೆ ಒರಗಿಸಿಕೊಂಡಳು. "ಎಳ್ಕ ರತ್ನಿ, ಎಳ್ಕ ನನ್ನವ್ವಾ, ಇನ್ನೊಮ್ಮಿ ಎಳ್ಕ."

"ಅದನ್ನ ಎಳೆದ್ರ ಚಟ ಆಗ್ತೈತಂತಲ್ಲ?" ಗುಂಪಿನಲ್ಲಿ ಯಾರೋ ಅಂದರು.

"ಆದ್ರ ಆಗ್ಲಿ. ನನ್ನ ಮಗಳು ಉಸಿರಾಡ್ಲಿ," ಅಂದಳು ಅವ್ವ.

ನನ್ನ ಉಸಿರು ಹದಕ್ಕೆ ಬಂದ ಮೇಲೆ ಕೆಂಚವ್ವ ಹತ್ತಿರ ಸರಿದು ಮೆಲ್ಲಗೆ ಹೇಳಿದಳು: "ನನಗೂ ಐತಿ ಬೇ. ಸೊಸಿಗೂ ಹೇಳಿಲ್ಲ. ಆ ಡಾಕ್ಟರು ನನಗೂ ಕೊಡ್ತಾರೇನು?"

ಅವ್ವ ಆಕೆಯ ಮುಖ ನೋಡಿ, ನಗುತ್ತಲೇ ಕಣ್ಣೊರೆಸಿಕೊಂಡಳು. ಸೋಮವಾರ ಇಬ್ಬರೂ ಕೂಡ್ಲಿಗಿ ಬಸ್ಸು ಹತ್ತಿದರು.

ಆಮೇಲೆ ಆ ಸುಗ್ಗಿ ಮುಗಿಯುವವರೆಗೂ, ಕೆಲಸಕ್ಕೆ ಕೂರುವ ಮೊದಲು ಕೆಂಚವ್ವ ಸೆರಗೆತ್ತಿ ಗಾಳಿ ನೋಡುತ್ತಿದ್ದಳು. "ರತ್ನಿ ಬೇವಿನ ಗಿಡದ ಕಡಿ ಕುಂದ್ರಲಿ, ದೂಳು ಅತ್ತಾಗ ಹೋಗಂಗಿಲ್ಲ." ಉಳಿದವರು ರಾಶಿಗೆ ನೀರು ಚಿಮುಕಿಸುತ್ತಿದ್ದರು. ತೊಳೆದ ಕಾಯಿಯಲ್ಲಿ ಜೊಳ್ಳು ಆರಿಸುವುದು ನನ್ನ ಕೆಲಸವಾಯಿತು. ಉಪ್ಪು ಹಾಕಿ ಕುದಿಸಿದ ಶೇಂಗಾದ ಮೊದಲ ಬೊಗಸೆ ನನ್ನ ಲಂಗಕ್ಕೇ ಬೀಳುತ್ತಿತ್ತು.

ಈಗ ಕಾಯಿ ಬಿಡಿಸಲು ಯಂತ್ರ ಬಂದಿದೆ, ಒಪ್ಪೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ನನಗೆ ಮದುವೆಯೂ ಆಯಿತು; ದಮ್ಮಿನ ಮಾತು ಅಡ್ಡ ಬರಲಿಲ್ಲ. ಕೆಂಚವ್ವ ಇಲ್ಲ. ಡಾಕ್ಟರು ಕೊಳವೆಯೊಂದನ್ನು ಊದಿಸಿ ನನ್ನ ಉಸಿರು ಅಳೆಯುತ್ತಾರೆ. ಒಳ್ಳೆಯದೇ. ಆದರೆ ನನ್ನ ಎದೆಯ ಸದ್ದನ್ನು ನನಗಿಂತ ಮೊದಲೇ ಕೇಳಿಸಿಕೊಂಡು, ಕೈಯ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದ ಆ ಹತ್ತು ಹೆಂಗಸರು ಈಗ ನನ್ನ ಸುತ್ತ ಇಲ್ಲ.