ಯಂತ್ರದ ಸದ್ದಿನಲ್ಲಿ ಅಡಗಿದ ಕೆಮ್ಮು

ಮೂವತ್ತು ವರ್ಷ ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಕಪ್ಪುಹಲಗೆಯ ಮೇಲೆ ಶ್ವಾಸಕೋಶದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಇಷ್ಟಾದರೂ ನಮ್ಮ ಮನೆಯಲ್ಲೇ ಒಬ್ಬರಿಗೆ ಉಸಿರು ಕಟ್ಟುತ್ತಿದೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ನಿವೃತ್ತಿಯ ನಂತರ ಶಿವನಿ ಎಂಬ ಊರಿನ ನಮ್ಮ ಮನೆಯ ಹಿತ್ತಲಲ್ಲಿದ್ದ ಖಾಲಿ ಕೊಟ್ಟಿಗೆಯಲ್ಲಿ ಮರಗೆಲಸ ಶುರು ಮಾಡಿದೆ. ಕೊಯ್ಯಲೊಂದು ಯಂತ್ರ, ಉಜ್ಜಲೊಂದು ಯಂತ್ರ. ಪ್ರತಿ ಮರಕ್ಕೂ ಅದರದೇ ಧೂಳು. ಹಲಸಿನದು ಅರಿಶಿನದಂತೆ ಹಳದಿ. ಬೇವಿನದು ತುಟಿಗೆ ತಾಗಿದರೂ ಕಹಿ. ಧೂಳಿನ ವಿಷಯದಲ್ಲಿ ನಮ್ಮ ಭಾಷೆ ಬಲು ಉದಾರಿ. ಗರಗಸದ ಕೆಳಗೆ ಬಿದ್ದರೆ ಹೊಟ್ಟು, ಡಬ್ಬಿಗೆ ತುಂಬಿದರೆ ಪುಡಿ, ದೊಡ್ಡವರ ಪಾದಕ್ಕೆ ಅಂಟಿದರೆ ಧೂಳಿ. ಎದೆಯೊಳಗೆ ಹೋಗಿ ಕೂತದ್ದಕ್ಕೆ ಮಾತ್ರ ಯಾರೂ ಹೆಸರಿಟ್ಟ ಹಾಗಿಲ್ಲ.

ನನ್ನ ಧೂಳು ನಿವಾರಣಾ ವ್ಯವಸ್ಥೆಯೆಂದರೆ ಮನೆ ಗುಡಿಸುವ ಹಳೆಯ ವ್ಯಾಕ್ಯೂಮ್ ಕ್ಲೀನರ್. ಅದು ಒಂದು ತುದಿಯಲ್ಲಿ ಎಳೆದುಕೊಂಡಿದ್ದನ್ನು ಇನ್ನೊಂದು ತುದಿಯಲ್ಲಿ ಇನ್ನಷ್ಟು ನುಣ್ಣಗೆ ಮಾಡಿ ಹಿತ್ತಲಿಗೆ ಉಗುಳುತ್ತಿತ್ತು.

ಒಂದು ಬೆಳಿಗ್ಗೆ ಹಲಗೆ ಕೊಯ್ಯುತ್ತಿದ್ದಾಗ ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು. ಯಂತ್ರ ನಿಂತ ಮೌನದಲ್ಲಿ ಯಾರೋ ಕೆಮ್ಮುವುದು ಕೇಳಿಸಿತು. ಹೊರಗೆ ಬಂದು ನೋಡಿದರೆ ನನ್ನ ಹೆಂಡತಿ ಗಿರಿಜಾ, ಒಗೆಯುವ ಕಲ್ಲು ಹಿಡಿದು ಬಗ್ಗಿ ನಿಂತಿದ್ದಾಳೆ. ಕಣ್ಣಲ್ಲಿ ನೀರು.

"ಏನೇ ಇದು?"

"ಏನಿಲ್ಲ ಕಣ್ರೀ. ದಿನಾ ಮಿಷಿನ್ ಸದ್ದಿರುವಾಗಲೇ ಕೆಮ್ಮಿ ಮುಗಿಸ್ಕತ್ತಿದ್ದೆ. ಇವತ್ತು ಕರೆಂಟ್ ಮೋಸ ಮಾಡ್ಬಿಡ್ತು."

ತರೀಕೆರೆಯ ಡಾಕ್ಟರು ಅವಳ ಎದೆ ಪರೀಕ್ಷಿಸಿ, ನನ್ನ ತೋಳಿಗೆ ಅಂಟಿದ್ದ ಹೊಟ್ಟನ್ನು ನೋಡಿ, "ಇಬ್ಬರಲ್ಲಿ ಒಬ್ಬರು ಆ ಹಿತ್ತಲು ಬಿಡಬೇಕು ಮೇಷ್ಟ್ರೇ" ಎಂದರು. ಮನೆಗೆ ಬಂದವನೇ ಯಂತ್ರಗಳಿಗೆ ಚಾದರ ಹೊದಿಸಿದೆ. ಹತ್ತು ದಿನ ಕಳೆದ ಮೇಲೆ ಗಿರಿಜಾಳೇ ಹೋಗಿ ಆ ಚಾದರ ಎಳೆದು ಹಾಕಿದಳು.

"ರಿಟೈರ್ ಆದ ವರ್ಷ ನೀವು ಗೋಡೆ ನೋಡ್ಕಂಡು ಕೂತಿದ್ದು ನಂಗೆ ಮರೆತಿಲ್ಲ. ಅದ್ಕಿಂತ ಕೆಮ್ಮೇ ವಾಸಿ."

ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ನನ್ನ ಖುಷಿಗಾಗಿ ಅವಳು ತನ್ನ ಉಸಿರನ್ನೇ ತೆರುತ್ತಿದ್ದಳು.

ದಾರಿ ತೋರಿಸಿದವಳು ಊರಿನ ರಾಗಿ ಮಿಲ್ಲಿನ ನೀಲಮ್ಮ, ನನ್ನ ಹಳೆಯ ವಿದ್ಯಾರ್ಥಿನಿ. ಒಂದು ದಿನ ಮಿಲ್ಲಿಗೆ ಹೋದಾಗ ನೋಡಿದರೆ, ರಾಗಿ ಶುಚಿ ಮಾಡುವ ಯಂತ್ರ ಓಡುತ್ತಿದ್ದರೂ ಅವಳ ಸೆರಗಿನ ಮೇಲೆ ಧೂಳಿರಲಿಲ್ಲ. ಮೇಲೆ ತೂಗುತ್ತಿದ್ದ ದೊಡ್ಡ ತಗಡಿನ ಶಂಕುವನ್ನು ತೋರಿಸಿದಳು.

"ಗಾಳಿ ಇದ್ರೊಳಗೆ ಗಿರಗಿರ ತಿರುಗ್ತದೆ ಸಾ. ತೂಕದ್ದು ತಗಡಿಗೆ ಬಡಿದು ಕೆಳಕ್ಕೆ ಬೀಳ್ತದೆ, ಗಾಳಿ ಮೇಲಕ್ಕೆ ಹೋಯ್ತದೆ. ಒಂಬತ್ತನೇ ಕ್ಲಾಸಲ್ಲಿ ನೀವೇ ಹೇಳಿಕೊಟ್ಟಿದ್ದು! ಆದ್ರೆ ಸಣ್ಣ ಧೂಳಿಗೆ ಒಳ್ಳೆ ಫಿಲ್ಟರ್ ಹಾಕಿ. ಅಲ್ಲಿ ಜುಗ್ಗತನ ಮಾಡ್ಬೇಡಿ."

ಕಡೂರಿನ ತಗಡಿನ ಅಂಗಡಿಯಲ್ಲಿ ಅಂಥದೇ ಒಂದು ಶಂಕು ಮಾಡಿಸಿ ರೈಲಿನಲ್ಲಿ ತಂದೆ. ಎದುರು ಸೀಟಿನ ಅಜ್ಜಿ ಅದಕ್ಕೆ ಕೈಮುಗಿದು, "ಯಾವೂರ ಗುಡಿ ಕಳಸ ಸ್ವಾಮಿ?" ಎಂದಳು. ಧೂಳಿನದು ಎನ್ನಲು ಬಾಯಿ ಬರಲಿಲ್ಲ. "ಮನೆ ದೇವ್ರದು" ಎಂದೆ.

ಮೊದಲ ದಿನ ಎಲ್ಲವೂ ಕೆಟ್ಟಿತು. ಯಂತ್ರಗಳನ್ನು ಸರಿಸಲು ಮನಸ್ಸಾಗದೆ, ಅವುಗಳಿಂದ ಶಂಕುವಿಗೆ ಧೂಳು ಒಯ್ಯುವ ಪೈಪನ್ನೇ ಐದು ಕಡೆ ಬಗ್ಗಿಸಿದ್ದೆ; ಗಾಳಿ ದಾರಿಯಲ್ಲೇ ಸುಸ್ತಾಯಿತು. ನೀಲಮ್ಮ ಬಂದು ನೋಡಿ ನಕ್ಕಳು. ಕೊನೆಗೆ ಯಂತ್ರಗಳನ್ನೇ ಸರಿಸಿ, ದಪ್ಪ ಪೈಪನ್ನು ನೇರವಾಗಿ ಎಳೆದು, ಹೊಸ ಫಿಲ್ಟರ್ ಕೂರಿಸಿದೆ. ಅಂದು ಹಲಗೆ ಕೊಯ್ದು, ಕಿಟಕಿಯಿಂದ ಬೀಳುವ ಬಿಸಿಲುಕೋಲನ್ನು ನೋಡಿದೆ. ಅದರಲ್ಲಿ ಧೂಳಿನ ಕಣಗಳು ಹುಡುಕಿದರೂ ಸಿಗುವಂತಿರಲಿಲ್ಲ.

ಗಿರಿಜಾಳ ಕೆಮ್ಮು ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು; ಚಳಿಗಾಲದಲ್ಲಿ ಈಗಲೂ ಇನ್ಹೇಲರಿನಿಂದ ಔಷಧ ಎಳೆದುಕೊಳ್ಳುತ್ತಾಳೆ. ಆದರೆ ಎರಡು ತಿಂಗಳ ನಂತರ ಒಂದು ದಿನ ಕೊಟ್ಟಿಗೆಯೊಳಗೆ ಬಂದು, ಸ್ವಲ್ಪ ಹೊತ್ತು ನಿಂತು, ಕೀಸುಳಿಯತ್ತ ಕೈ ಚಾಚಿದಳು. "ನಂಗೂ ಕೊಡಿ ಇಲ್ಲಿ."

ಅವಳಿಗೆ ಮರಗೆಲಸ ಇಷ್ಟವಿಲ್ಲದ್ದರಿಂದ ಇತ್ತ ಬರುವುದಿಲ್ಲ ಎಂದೇ ನಾನು ನಂಬಿದ್ದೆ. ಹಾಗೆ ನಂಬಿದ್ದರಿಂದ ನನಗೆ ಅನುಕೂಲವೂ ಆಗಿತ್ತು. ಈಗ ಅವಳು ಕೀಸಿದ ಮರದಿಂದ ಉದ್ದನೆಯ, ತೆಳ್ಳನೆಯ ಸುರುಳಿಗಳು ಏಳುತ್ತಿದ್ದವು. ನನ್ನ ಕೈಯಲ್ಲಿ ಅವು ಯಾವತ್ತೂ ತುಂಡು ತುಂಡು. ಹೀಗಲ್ಲ, ಹಾಗೆ ಎಂದು ಪಾಠ ಹೇಳಲು ಮುಂದೆ ಬಾಗಿದೆ.

"ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದಳು ತಲೆಯೆತ್ತದೆ, "ಬೆಳಕಿಗೆ ಅಡ್ಡ ನಿಂತಿದ್ದೀರ."

ಸರಿದು ನಿಂತೆ.