ಖಾಲಿ ಜಾಗದ ನಕಲು

ನಮ್ಮ ಅಂಗಡಿಯ ಕಂಪ್ಯೂಟರಿನ ಒಳಗಿಂದ ಕಟಕ್ ಕಟಕ್ ಎಂಬ ಸದ್ದು ಶುರುವಾದದ್ದು ತೊಂಬತ್ತರ ದಶಕದ ಕೊನೆಗೆ, ಒಂದು ನವರಾತ್ರಿಗೆ ಸ್ವಲ್ಪ ಮೊದಲು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಾನೂ ಅಣ್ಣನೂ ಸೇರಿ ನಡೆಸುತ್ತಿದ್ದ ಅಂಗಡಿ ಅದು. ಜೆರಾಕ್ಸ್ ಅವನದು, ಡಿಟಿಪಿ ನನ್ನದು. ಮದುವೆ ಪತ್ರಿಕೆ, ಸೊಸೈಟಿಯ ನೋಟೀಸು, ಕುರಿ ಸಂತೆಯ ಹ್ಯಾಂಡ್‌ಬಿಲ್ಲು, ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಆ ಸದ್ದು ಕೇಳಿದಾಗೆಲ್ಲ ಟೈಪು ನಿಲ್ಲಿಸಿ, ಡಿಸ್ಕು ಸಾಯುತ್ತಿದೆಯೇ ಎಂದು ಕಿವಿಗೊಡುತ್ತಿದ್ದೆ.

ಮದುವೆ ಪತ್ರಿಕೆ ಹೋದರೆ ಹಾಳಾಗಿ ಹೋಗಲಿ, ಇನ್ನೊಮ್ಮೆ ಟೈಪು ಮಾಡಬಹುದು. ನನಗೆ ಭಯವಿದ್ದದ್ದು ಡಾಕ್ಟರ ಪುಸ್ತಕದ್ದು. ಡಾಕ್ಟರು ಎಂದರೆ ಸೊರಬದ ಕಡೆಯ ದನದ ಡಾಕ್ಟರು. ಜಡೆ, ಉಳವಿ, ಇತ್ತ ಈಸೂರಿನವರೆಗೂ ಸೈಕಲ್ ತುಳಿದು ಕುರಿ ದನ ನೋಡಿ ನಿವೃತ್ತರಾದವರು. ಕುರಿಗಳ ಬಗ್ಗೆ ಒಂದು ಪುಸ್ತಕ ಮಾಡಬೇಕೆಂದು ವಾರಕ್ಕೊಮ್ಮೆ ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳುವರು, ನಾನು ಟೈಪು ಮಾಡುವೆ. ಕೈಬರಹದ ಪ್ರತಿ ಎಂಬುದೇ ಇರಲಿಲ್ಲ. ಬರೆದು ತರಬಹುದಲ್ಲ, ಯಾಕೆ ಅಷ್ಟು ಅವಸರ ಎಂದು ಕೇಳಿದ್ದಕ್ಕೆ ಮೊದಲ ದಿನವೇ ಹೇಳಿದ್ದರು.

“ತಲೆಯಿಂದ ಒಂದೊಂದೇ ಜಾರ್ತಾ ಇದೆ ತಂಗಿ. ನಿನ್ನೆ ನಮ್ಮನೆ ಬೀದಿಯಲ್ಲೇ ದಾರಿ ತಪ್ಪಿತು. ಎಲ್ಲಾ ಜಾರೋ ಮೊದ್ಲು ಇದರೊಳಗೆ ಕೂರಿಸಿ ಬಿಡು.”

ಬರಬರುತ್ತಾ ಅವರ ಮರೆವು ನನಗೂ ಕಾಣತೊಡಗಿತು. ಹೋದ ತಿಂಗಳು ಹೇಳಿದ್ದನ್ನು ಈ ತಿಂಗಳು ಕೇಳಿದರೆ ಅವರಿಗೆ ನೆನಪಿರುತ್ತಿರಲಿಲ್ಲ. ಅಂದರೆ ಆ ಪುಸ್ತಕ ಆಗಲೇ ಅವರ ತಲೆಯಲ್ಲಿ ಇರಲಿಲ್ಲ, ನಮ್ಮ ಡಿಸ್ಕಿನಲ್ಲಷ್ಟೇ ಇತ್ತು.

ಅದಕ್ಕೇ ಶಿವಮೊಗ್ಗದ ಕಂಪ್ಯೂಟರ್ ವ್ಯಾಪಾರಿಯ ಬೆನ್ನು ಹತ್ತಿದೆ. ಇಡೀ ಡಿಸ್ಕನ್ನು ಇದ್ದ ಹಾಗೇ ಇನ್ನೊಂದು ಡಿಸ್ಕಿಗೆ ಇಳಿಸುವ ಸಾಫ್ಟ್‌ವೇರ್ ಬಂದಿದೆ ಎಂದು ಆತನೇ ಹೇಳಿದ್ದ. ಒಂದು ಹೊಸ ಡಿಸ್ಕನ್ನೂ ಎರಡು ಫ್ಲಾಪಿಗಳನ್ನೂ ತಂದುಕೊಟ್ಟ. ಎರಡೂ ಬೇರೆ ಬೇರೆ ಸಾಫ್ಟ್‌ವೇರು. ನೋಡಿ, ಯಾವುದು ಬೇಕೋ ಅದನ್ನು ಇಟ್ಟುಕೊಳ್ಳಿ ಎಂದ. ಒಂದು ಬಹಳ ಚುರುಕು, ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿಸುತ್ತದಂತೆ. ಇನ್ನೊಂದು ಆಮೆ. ಅದರ ಜೊತೆಗಿದ್ದ ಕಾಗದ ಓದಿದರೆ, ಡಿಸ್ಕಿನ ಖಾಲಿ ಜಾಗವನ್ನೂ ಬಿಡದೆ ನಕಲು ಮಾಡುತ್ತದೆ ಎಂದು ಹೆಮ್ಮೆಯಿಂದ ಬರೆದಿತ್ತು. ನನಗೆ ನಗು ಬಂತು. ಖಾಲಿ ಚೀಲ ಹೊತ್ತು ಯಾರಾದರೂ ಮೈಲಿಗಟ್ಟಲೆ ನಡೆಯುತ್ತಾರೆಯೇ ಎಂದುಕೊಂಡು ಚುರುಕಿನದನ್ನೇ ಕೊಳ್ಳುವುದೆಂದು ನಿಶ್ಚಯಿಸಿದೆ.

“ಹಬ್ಬ ಮುಗೀಲಿ, ಆಮೇಲೆ ಹೊಸಾದು ಹಚ್ಚು,” ಎಂದ ಅಣ್ಣ. ಪೂಜೆಗೆ ಮುಂಚೆ ಹೊಸ ಸಾಮಾನಿಗೆ ಕೈ ಹಾಕುವುದು ಅವನಿಗೆ ಸರಿಬರುವುದಿಲ್ಲ. ಆಗಲಿ ಎಂದು ಡಿಸ್ಕನ್ನೂ ಫ್ಲಾಪಿಗಳನ್ನೂ ಕಪಾಟಿನಲ್ಲಿಟ್ಟೆ.

ಆಯುಧಪೂಜೆ ಎಂದರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ಹಿಂದಿನ ದಿನವೇ ಕುಡುಗೋಲು, ತಕ್ಕಡಿ, ಸೈಕಲ್ಲು, ಹೊಲಿಗೆ ಮಿಶಿನ್ನು ಎಲ್ಲ ತೊಳೆದು ಒರೆಸಿ ಲಕಲಕ ಮಾಡಬೇಕು. ಕೊಳೆ ಇರುವ ಆಯುಧಕ್ಕೆ ವಿಭೂತಿ ಹಚ್ಚುವ ಹಾಗಿಲ್ಲ. ಅಂಗಡಿಯ ಜವಾಬ್ದಾರಿ ಪ್ರತಿ ವರ್ಷ ಅಣ್ಣನದು, ನನ್ನದು ಅಮ್ಮನ ಜೊತೆ ಹೋಳಿಗೆ. ಪೂಜೆಯ ಬೆಳಿಗ್ಗೆ ಅಮ್ಮನೊಂದಿಗೆ ಅಂಗಡಿಗೆ ಹೋಗಿ ನೋಡಿದರೆ ಮಾನಿಟರಿಗೆ ಚೆಂಡುಹೂವಿನ ಹಾರ, ಕೀಬೋರ್ಡಿನ ಮೇಲೆ ನಿಂಬೆಹಣ್ಣು, ಕಪಾಟಿನಲ್ಲಿದ್ದ ಹೊಸ ಡಿಸ್ಕಿಗೂ ಮೂರು ಪಟ್ಟೆ ವಿಭೂತಿ.

“ಈ ಸಲ ಬರೇ ಹೊರಗ ಒರೆಸಿಲ್ಲ ನೋಡು,” ಅಣ್ಣನ ಮುಖದಲ್ಲಿ ಸಂಭ್ರಮ. “ಒಳಗೂ ಕಸ ಭಾಳ ಇತ್ತು. ಹಳೇ ಪತ್ರಿಕೆ, ಕುರಿ ಸಂತೀವು, ಎಲ್ಲಾ ತೆಗೆದು ಹಾಕೀನಿ. ಪರದೆ ಮ್ಯಾಲಿನ ಆ ಕಸದ ಬುಟ್ಟೀನೂ ಖಾಲಿ ಮಾಡೀನಿ.”

ಡಾಕ್ಟರ ಪುಸ್ತಕದ ಫೋಲ್ಡರಿಗೆ ನಾನು ಇಟ್ಟಿದ್ದ ಹೆಸರು ಕುರಿ ಎಂದಷ್ಟೇ. ಅಣ್ಣ ಅದನ್ನೂ ಸಂತೆಯದೆಂದುಕೊಂಡಿದ್ದ.

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹಬ್ಬದ ದಿನ, ದೇವರ ಮುಂದೆ, ಸ್ವಂತ ಅಣ್ಣನಿಗೆ ಹಾಗೆ ಬೈದವಳು ನಮ್ಮ ಓಣಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಹಿಂದೊಮ್ಮೆ ಪುಸ್ತಕವನ್ನು ಇಳಿಸಿಟ್ಟಿದ್ದ ಫ್ಲಾಪಿಗಳೋ ಮಳೆಗಾಲದಲ್ಲೇ ಬೂಷ್ಟು ಹಿಡಿದು ಕೆಟ್ಟುಹೋಗಿದ್ದವು. ಕಂಪ್ಯೂಟರನ್ನೇ ಹಾಕಿ ನೋಡೋಣ ಎಂದು ಸ್ವಿಚ್ಚಿಗೆ ಕೈ ಚಾಚಿದರೆ ಅಮ್ಮ ನನ್ನ ರಟ್ಟೆ ಹಿಡಿದಳು.

“ಇವತ್ತು ಮುಟ್ಟಬ್ಯಾಡ. ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಅಲುಗಾಡಿಸಬಾರದು.”

ಅಮ್ಮನ ಮೇಲೂ ಹರಿಹಾಯ್ದು, ಎಸ್‌ಟಿಡಿ ಬೂತಿಗೆ ಹೋಗಿ ವ್ಯಾಪಾರಿಯ ಮನೆಗೆ ಫೋನು ಹಚ್ಚಿದೆ. ಆತ ಹೋಳಿಗೆ ತಿನ್ನುತ್ತಲೇ ಮಾತಾಡಿದ.

“ಹೆದರಬೇಡ್ರೀ ಮೇಡಂ. ಅಳಿಸಿದ್ದು ಅಷ್ಟು ಬೇಗ ಹೋಗಲ್ಲ. ಅದರ ವಿಳಾಸ ಹೋಗುತ್ತೆ ಅಷ್ಟೇ, ಅಕ್ಷರ ಎಲ್ಲಾ ಅಲ್ಲೇ ಇರುತ್ತೆ. ಆ ಜಾಗ ಖಾಲಿ ಅಂತ ಮಿಶಿನ್ನು ತಿಳ್ಕೊಂಡು ಮೇಲೆ ಬೇರೆ ಬರೆಯುತ್ತೆ ನೋಡಿ, ಆಗ ಹೋಯ್ತು. ಕಂಪ್ಯೂಟರ್ ಸುಮ್ನೆ ಆನ್ ಮಾಡಿದ್ರೂ ಅದು ಏನಾದ್ರೂ ಬರೀತಾನೇ ಇರುತ್ತೆ. ಆನ್ ಮಾಡಿಲ್ಲ ತಾನೆ?”

ಮಾಡಿಲ್ಲ ಎಂದೆ. ಅಮ್ಮ ಹಿಡಿದ ರಟ್ಟೆಯನ್ನು ಮುಟ್ಟಿ ನೋಡಿಕೊಂಡೆ. ಮೊದಲು ನಕಲು ತೆಗೆಯಿರಿ, ಆಮೇಲೆ ನಕಲಿನಲ್ಲಿ ಹುಡುಕಿ, ಸದ್ದು ಮಾಡುವ ಡಿಸ್ಕು ಒಂದು ಸಲಕ್ಕಿಂತ ಹೆಚ್ಚು ತಾಳಲಿಕ್ಕಿಲ್ಲ ಎಂದ. ಯಾವ ಫ್ಲಾಪಿ ಹಾಕಲಿ ಎಂದು ಕೇಳುವಷ್ಟರಲ್ಲಿ ಲೈನು ಕಟ್ಟಾಯಿತು.

ಬೂತಿನ ಹೊರಗೆ ನಿಂತು ಯೋಚಿಸಿದೆ. ಡಿಸ್ಕು ಸಾಯುವಂತಿದೆ, ಬೇಗ ಮುಗಿಸುವುದೇ ಜಾಣತನ. ಆದರೆ ಚುರುಕಿನದು ಚುರುಕಾಗಿರುವುದು ಹೇಗೆ? ವಿಳಾಸ ಇದ್ದ ಮನೆಗಳಿಗೆ ಮಾತ್ರ ಹೋಗಿ, ಉಳಿದದ್ದನ್ನು ಖಾಲಿ ಎಂದು ಬಿಟ್ಟು ಬರುವುದರಿಂದ. ಡಾಕ್ಟರ ಪುಸ್ತಕಕ್ಕೆ ಈಗ ವಿಳಾಸವೇ ಇಲ್ಲ. ನಾನು ನಕ್ಕಿದ್ದ ಆ ಆಮೆ ಮಾತ್ರ ಖಾಲಿ ಎನ್ನಿಸಿಕೊಂಡ ಜಾಗಕ್ಕೂ ಹೋಗಿ ಅಲ್ಲಿ ಏನಿದೆಯೋ ಅದನ್ನು ಹೊತ್ತು ತರುತ್ತದೆ. ಅದನ್ನು ಯಾರು, ಯಾವ ದೇಶದಲ್ಲಿ ಕೂತು ಬರೆದರೋ, ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಾರನೆಯ ದಿನ ವಿಜಯದಶಮಿ. ಮಧ್ಯಾಹ್ನದ ಬಸ್ಸಿಗೆ ಡಾಕ್ಟರೇ ಬಂದುಬಿಟ್ಟರು, ಒಳ್ಳೆಯ ದಿನ, ಕೊನೆಯ ಅಧ್ಯಾಯ ಹೇಳಿ ಮುಗಿಸೋಣ ಎಂದು. ಅಣ್ಣ ಬನ್ನಿ ಕೊಟ್ಟು ಕಾಲಿಗೆ ಬಿದ್ದವನು, ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದ. ಅವರು ಅವನ ತಲೆ ಸವರಿ, “ಹೋದ್ರೆ ಹೋಯ್ತು ಬಿಡೋ, ಎಂತ ಮಾಡೋದು,” ಎಂದರು. ಆದರೆ ಸ್ಟೂಲಿನಲ್ಲಿ ಕೂತವರು ಕೈಯಲ್ಲಿದ್ದ ಬನ್ನಿ ಎಲೆಯನ್ನು ಚೂರು ಚೂರು ಮಾಡುತ್ತಿದ್ದರು. ಅದನ್ನು ನೋಡಲಾಗದೆ ನಾನು ಕೆಲಸಕ್ಕೆ ಕೂತೆ.

ಹೊಸ ಡಿಸ್ಕಿನ ಸಂದಿಯಿಂದ ವಿಭೂತಿ ಊದಿ ಊದಿ ತೆಗೆದು ಜೋಡಿಸಿದೆ. ನಿಧಾನದ ಫ್ಲಾಪಿಯನ್ನು ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಿದೆ. ಕಪ್ಪು ಪರದೆ, ಅದರಲ್ಲಿ ಒಂದೇ ಒಂದು ಸಂಖ್ಯೆ ಮೆಲ್ಲಗೆ ಏರುತ್ತಿತ್ತು. ಡಿಸ್ಕು ಕಟಕ್ ಎಂದಾಗ ಸಂಖ್ಯೆ ನಿಲ್ಲುವುದು, ಮತ್ತೆ ಏರುವುದು. ಅರ್ಧ ದಾಟಿದ ಮೇಲೆ ಬರೀ ಖಾಲಿ ಜಾಗ ಎಂದು ನನಗೆ ಗೊತ್ತಿತ್ತು. ಏನೂ ಇಲ್ಲದ ಕಡೆಯೂ ಅದು ಅಷ್ಟೇ ಶ್ರದ್ಧೆಯಿಂದ ಓದುತ್ತಾ ಹೋಯಿತು. ಯಾರೂ ಹೆಸರು ಹಿಡಿದು ಕರೆಯದ ಅಕ್ಷರಗಳು ಕತ್ತಲಲ್ಲಿ ಹಾಗೇ ಕೂತಿರುತ್ತವೆ ಎಂಬುದನ್ನು ನಾನು ಅಂದಿನವರೆಗೆ ಯೋಚಿಸಿಯೇ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಕಲು ಮುಗಿಯಿತು. ಅದೇ ಫ್ಲಾಪಿಯಲ್ಲಿದ್ದ, ಅಳಿಸಿದ ಫೈಲುಗಳನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನು ಹೊಸ ಡಿಸ್ಕಿನ ಮೇಲೆ ಓಡಿಸಿದೆ. ಅಧ್ಯಾಯಗಳು ಸಾಲಾಗಿ ಕಾಣಿಸಿದವು, ಪ್ರತಿ ಹೆಸರಿನ ಮೊದಲ ಅಕ್ಷರ ಮಾತ್ರ ಮಾಯ. ಅದನ್ನು ನೀವೇ ಹೇಳಿ ಎಂದು ಪ್ರೋಗ್ರಾಮು ಕೇಳುತ್ತಿತ್ತು. ಒಂದೊಂದಕ್ಕೂ ಅಕ್ಷರ ಒತ್ತುತ್ತಾ ಹೋದೆ, ಒಂದೊಂದೇ ಎದ್ದು ಬಂತು. ಒಂದು ಅಧ್ಯಾಯದ ನಡುವೆ ಯಾರದೋ ಮದುವೆ ಪತ್ರಿಕೆಯ ಸಾಲುಗಳು ಹೊಕ್ಕಿದ್ದವು. ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಅಣ್ಣ ಗೋಡೆಗೆ ಮುಖ ಮಾಡಿ ಕಣ್ಣು ಒರೆಸಿಕೊಂಡ. ಇನ್ನೊಂದು ಸುತ್ತು ಬೈಯೋಣವೆಂದಿದ್ದವಳು ಡಾಕ್ಟರ ಕಡೆ ತಿರುಗಿದೆ.

“ಬಂದವು ಡಾಕ್ಟ್ರೇ,” ಎಂದೆ.

“ಎಲ್ಲಿ, ಓದು ನೋಡೋಣ.”

ಕೈಗೆ ಸಿಕ್ಕ ಅಧ್ಯಾಯ ತೆರೆದು ಓದಿದೆ. ಕುರಿಗಾಹಿ ಹಿಂಡನ್ನು ಎಣಿಸುವುದಿಲ್ಲ, ಒಂದು ಕಡಿಮೆಯಾದರೆ ಅವನಿಗೆ ನೋಟದಲ್ಲೇ ತಿಳಿಯುತ್ತದೆ. ಕಾಯಿಲೆ ಬರುವ ಕುರಿ ಹುಲ್ಲು ಬಿಡುವುದಕ್ಕೆ ಮೊದಲೇ ಜೊತೆ ಬಿಡುತ್ತದೆ. ಹಿಂದೆ ಉಳಿದದ್ದನ್ನು ಗದರಿಸಬಾರದು, ಹತ್ತಿರ ಹೋಗಿ ಕಿವಿಯ ಬುಡ ಮುಟ್ಟಿ ನೋಡಬೇಕು.

ಡಾಕ್ಟರು ಕಣ್ಣು ಮುಚ್ಚಿ, ತಲೆದೂಗುತ್ತಾ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು, ಮುಖದಲ್ಲಿ ಎಳೆಮಗುವಿನ ಬೆರಗು.

“ಇವ್ರಿಗೆ ಕುರಿ ವಿಷಯ ಚೆನ್ನಾಗಿ ಗೊತ್ತು ತಂಗಿ. ಯಾರಿವರು?”

ನೀವೇ ಡಾಕ್ಟ್ರೇ, ನೀವೇ ಹೇಳಿದ್ದು ಎಂದೆ.

“ಹೌದನೇ?” ಎಂದವರು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. “ಹಂಗಾದ್ರೆ ಮುಂದೆ ಓದು. ನಾನು ಎಂತ ಹೇಳಿದ್ದೆ ಅಂತ ಕೇಳ್ಬೇಕು.”