ಹಾಕಾಕ್ಕೆ ತೊಡೆ ತಟ್ಟಿದ ಉಳವಪ್ಪ

ಸಾಫ್ಟ್‌ವೇರ್ ಕೆಲಸಕ್ಕೆಂದು ಉಳವಪ್ಪನಿಗೆ ಗ್ರೀನ್ ಕಾರ್ಡ್ ಕೊಟ್ಟ ಜರ್ಮನಿಯವರು ಅವನ ತೂಕ ಕೇಳಿರಲಿಲ್ಲ. ಕೇಳಿದ್ದರೆ ನೂರಾ ನಾಲ್ಕು ಕೆ.ಜಿ. ಹಗಲೆಲ್ಲ ವಾಲ್‌ಡಾರ್ಫಿನಲ್ಲಿ ಕೋಡ್ ಬರೆದು, ಸಂಜೆ ಹೈಡೆಲ್‌ಬರ್ಗಿನ ಸಣ್ಣದೊಂದು ರಗ್ಬಿ ಕ್ಲಬ್ಬಿಗೆ ಹೋಗುತ್ತಿದ್ದ. ಮೈ ನೋಡಿ ಸೇರಿಸಿಕೊಂಡವರು ಓಟ ನೋಡಿ ಬೆಂಚಿನ ಮೇಲೆ ಕೂರಿಸಿದ್ದರು. ಎರಡು ವರ್ಷ ಪುಣ್ಯಾತ್ಮ ನೀರಿನ ಬಾಟಲಿ ಕಾದ.

ಅಪ್ಪ ಬಾಳಪ್ಪ ರೋಣದ ಕಡೆ ಹೆಸರು ಮಾಡಿದ ಪೈಲ್ವಾನ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕಣ ಸುತ್ತಿಸುವುದು ಅಲ್ಲಿಯ ಪದ್ಧತಿ. ಮಗನೋ, ಹಿಡಿದ ಕುಸ್ತಿಯನ್ನೆಲ್ಲ ಸೋತವನು. "ನಿನ್ನ ಒಮ್ಮಿಯಾದ್ರೂ ಯಾರರ ಹೆಗಲ ಮ್ಯಾಲ ಹೊತ್ತಿದ್ದು ನೋಡಿ ಕಣ್ಣ ಮುಚ್ಚಬೇಕಂತೀನಲೇ," ಎಂದು ಪ್ರತಿ ಭಾನುವಾರ ಫೋನಿನಲ್ಲಿ ಕೊರೆಯುತ್ತಿದ್ದ. ಉಳವಪ್ಪನಿಗೆ ನಿಜಕ್ಕೂ ನೋಯುತ್ತಿತ್ತು. ಒಂದೇ ಒಂದು ಮ್ಯಾಚ್ ಆಡಿ, ಆ ಫೋಟೊ ಅಪ್ಪನಿಗೆ ಕಳಿಸಬೇಕು, ಅಷ್ಟೇ ಆಸೆ.

2002ರ ಬೇಸಿಗೆಯಲ್ಲಿ ನ್ಯೂಜಿಲೆಂಡಿನ ಮಾವೋರಿಗಳ ತಂಡವೊಂದು ಪ್ರವಾಸ ಬಂತು. ಇವರ ಕಡೆಯ ದಢೂತಿ ಆಟಗಾರ ಅದೇ ವಾರ ಉರ್ಲೌಬ್, ಅಂದರೆ ರಜೆ, ಹಾಕಿ ಸಮುದ್ರದ ದಂಡೆಗೆ ಹೋದ. ಬದಲಿಗೆ ಉಳವಪ್ಪ!

ಆದರೆ ಮಾವೋರಿಗಳು ಆಟಕ್ಕೆ ಮೊದಲು ಹಾಕಾ ಮಾಡುತ್ತಾರೆ. ನೆಲ ಗುದ್ದಿ, ಎದೆ ಬಡಿದು, ನಾಲಗೆ ಚಾಚಿ ಎದುರಾಳಿಗೆ ಸವಾಲು ಹಾಕುವುದು. ಎದುರಿನವರು ಆಗ ಏನು ಮಾಡಬೇಕು? ಜರ್ಮನರಲ್ಲವೇ, ಮೀಟಿಂಗ್ ಕರೆದರು. ಬೆನ್ನು ತಿರುಗಿಸೋಣ ಎಂದ ಒಬ್ಬ, ಚಪ್ಪಾಳೆ ತಟ್ಟೋಣ ಎಂದ ಇನ್ನೊಬ್ಬ. ಎರಡು ಗಂಟೆ ತಲೆ ತಿಂದು, ಕೈ ಎತ್ತಿಸಿ, ಪ್ರೊಟೊಕೋಲ್ ಎಂಬ ನಡಾವಳಿ ಬರೆದರು: ಹೆಗಲಿಗೆ ಹೆಗಲು ಕೊಟ್ಟು ಸುಮ್ಮನೆ ನಿಲ್ಲುವುದು. "ಅಲ್ಲಾಡಿದವನು ಆಡುವಂತಿಲ್ಲ," ಎಂದ ಕ್ಯಾಪ್ಟನ್ ಯೂರ್ಗನ್, ಉಳವಪ್ಪನನ್ನೇ ನೋಡುತ್ತ.

ಹಾಕಾ ಶುರುವಾಯಿತು. ಉಳವಪ್ಪ ಉಸಿರು ಬಿಗಿಹಿಡಿದು ನಿಂತ. ಆದರೆ ಅವರ ಮುಂದಾಳು ಹೇಮಿ, ಬಾಗಿಲಷ್ಟು ಅಗಲದ ಆಸಾಮಿ, ನೇರ ಇವನೆದುರು ಬಂದು ಫಟಾರನೆ ತೊಡೆ ತಟ್ಟಿದ. ಅಯ್ಯೋ, ಅದೊಂದು ಮಾಡಬಾರದಿತ್ತು! ಪೈಲ್ವಾನರ ಮನೆಯಲ್ಲಿ ಹುಟ್ಟಿದವನು ತೊಡೆ ತಟ್ಟಿದವನಿಗೆ ಉತ್ತರ ಕೊಡದೆ ನಿಂತರೆ ಸೋತ ಲೆಕ್ಕ. ಉಳವಪ್ಪನ ಕೈ ಅವನ ಮಾತು ಕೇಳಲಿಲ್ಲ. ತಾನೂ ಫಟಾರನೆ ತಟ್ಟಿ, ಸಾಲು ಬಿಟ್ಟು ಮುಂದೆ ನಡೆದು, ಹುಲ್ಲಿನ ಸಮೇತ ಒಂದು ಹಿಡಿ ಮಣ್ಣು ಕಿತ್ತು, ಕುಸ್ತಿ ಕಣದಲ್ಲಿ ಮಾಡುವಂತೆ ಹೇಮಿಯ ಭುಜಕ್ಕೆ ಬಳಿದ.

"ಶಿವನೇ! ಏನ್ ಮಾಡಾಕತ್ತಾರಿವ್ರು!" ಎಂದಳು ಗೆರೆಯಾಚೆ ಕ್ಯಾಮೆರಾ ಹಿಡಿದಿದ್ದ ಹೆಂಡತಿ ಸೌಭಾಗ್ಯ.

ಹೇಮಿ ಭುಜ ನೋಡಿಕೊಂಡ. "ರೆಸ್ಪೆಕ್ಟ್," ಎಂದು ತೊದಲಿದ ಉಳವಪ್ಪ. ಹೇಮಿ ಬಗ್ಗಿದ, ಮಣ್ಣು ತೆಗೆದ, ಇವನ ಭುಜಕ್ಕೆ ಬಳಿದು, ಮಾವೋರಿಗಳು ನಮಸ್ಕಾರ ಮಾಡುವಂತೆ ಮೂಗಿಗೆ ಮೂಗು ತಾಗಿಸಿದ.

ಯೂರ್ಗನ್ ಮಾತ್ರ ಬೆಂಚು ತೋರಿಸಿದ. ಪ್ರೊಟೊಕೋಲ್ ಅಂದರೆ ಪ್ರೊಟೊಕೋಲ್. ಉಳವಪ್ಪ ಕಣ್ಣು ತುಂಬಿಕೊಂಡು ಹೊರಟ. ಅಷ್ಟರಲ್ಲಿ ಹೇಮಿ ಮೈದಾನದ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ: ತನಗೆ ಉತ್ತರ ಕೊಟ್ಟವನು ಬರದೆ ಆಟವಿಲ್ಲ! ಯೂರ್ಗನ್ ಹಲ್ಲು ಕಡಿದು ಪ್ರೊಟೊಕೋಲ್ ತಿದ್ದಿದ.

ಉಳವಪ್ಪ ಆಡಿದ್ದು ಮೂರೇ ನಿಮಿಷ. ಚೆಂಡು ಕೈಗೆ ಬಂದದ್ದೇ ತಡ, ಹೇಮಿ ಅವನ ಮೇಲೆರಗಿದ. ಉಳವಪ್ಪನ ಕಾಲು ಉಳುಕಿತು. ಸ್ಟ್ರೆಚರ್ ಬರುವ ಮೊದಲೇ ಹೇಮಿ ಅವನನ್ನು ಗೋದಿ ಚೀಲದಂತೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ಸೌಭಾಗ್ಯ ಫೋಟೊ ಹೊಡೆದಳು.

ಅದು ಊರಿಗೆ ಮುಟ್ಟಿದ ಭಾನುವಾರ ಬಾಳಪ್ಪ ಫೋನಿಗೆ ಬಂದ. ಮೂಗು ಸೊರ ಸೊರ ಎನ್ನಿಸುತ್ತ, "ಆ ಸೋತಾಂವ ಭಾಳ ದೊಡ್ಡ ಮನಸಿನಾಂವ ಬಿಡಲೇ. ಗೆದ್ದಾಂವನ್ನ ತಾನ ಹೊತ್ತಾನ," ಎಂದ.

ಉಳವಪ್ಪ ಪಟ್ಟಿ ಸುತ್ತಿದ ಕಾಲನ್ನು ಒಮ್ಮೆ ನೋಡಿಕೊಂಡ.

"ಹೌದ್ರಿ ಅಪ್ಪಾ," ಎಂದ, "ಭಾಳ ದೊಡ್ಡ ಮನಸಿನಾಂವ."